ಒಳಮನಸ್ಸಿನ ಮಾತು ಕೇಳು ಅನ್ನುವ ಮುಂಚೆ

ಖಿನ್ನತೆಯಲ್ಲಿರುವವರಿಗೆ ಹೇಳುವ ಮಾತುಗಳಲ್ಲಿ ನನಗೆ ತುಂಬಾ ನೋವಾಗುವುದು ಇದು: "ಜಾಸ್ತಿ ಯೋಚನೆ ಮಾಡಬೇಡ, ಒಳಮನಸ್ಸು ಹೇಳಿದ ಹಾಗೆ ಮಾಡು." ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಖಿನ್ನತೆ ಕೈ ಹಾಕುವುದೇ ಆ ಒಳಮನಸ್ಸಿಗೆ ಅಲ್ವಾ?

ಉಪ್ಪು, ಆಳ, ನೊರೆ. ಈ ಮೂರು ಪದ ಓದಿದ ಕೂಡಲೇ ಇವುಗಳ ನಡುವೆ ಏನೋ ನಂಟಿದೆ ಅಂತ ಅನಿಸುತ್ತದೆ. 'ಸಮುದ್ರ' ಅನ್ನುವ ಉತ್ತರ ಹೊಳೆಯುವ ಮೊದಲೇ ಹಾಗನಿಸುವುದುಂಟು. ಮನಶ್ಶಾಸ್ತ್ರಜ್ಞರು ಒಳಅರಿವನ್ನು ಅಳೆಯುವ ಒಂದು ದಾರಿ ಇದು: ಇಂಥ ಮೂರು ಪದ ತೋರಿಸಿ, ಅವುಗಳ ನಡುವೆ ನಂಟಿದೆಯಾ ಇಲ್ಲವಾ ಅಂತ ತಟ್ಟನೆ ಅಂದಾಜು ಮಾಡಲು ಹೇಳುತ್ತಾರೆ. ಬೋಲ್ಟೆ, ಗೋಶ್ಕೆ, ಕೂಲ್ ಎಂಬ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದುಃಖದ ನೆನಪು ಮಾಡಿಕೊಂಡವರ ಈ ಅಂದಾಜು ಸುಮ್ನೆ ಊಹೆ ಮಾಡಿದಷ್ಟಕ್ಕೇ ಇಳಿದಿತ್ತು. ಖುಷಿಯ ನೆನಪು ಮಾಡಿಕೊಂಡವರ ಅಂದಾಜು ಚೆನ್ನಾಗಿತ್ತು. 2015ರಲ್ಲಿ ರೆಮ್ಮರ್ಸ್ ಮತ್ತು ಸಂಗಡಿಗರು ಖಿನ್ನತೆಯ ರೋಗಿಗಳಲ್ಲೂ ಈ ಶಕ್ತಿ ಕುಗ್ಗಿರುವುದನ್ನು ಕಂಡರು.

ಯಾವ ಅಂಗಿ ಹಾಕಿಕೊಳ್ಳಲಿ, ಯಾವ ಮೆಸೇಜಿಗೆ ಮೊದಲು ಉತ್ತರ ಕೊಡಲಿ, ಎದುರಿಗಿರುವವರಿಗೆ ಕೋಪ ಬಂದಿದೆಯಾ? ಇಂಥವನ್ನೆಲ್ಲ ನಾವು ಯೋಚಿಸದೆಯೇ ದಾಟಿಬಿಡುತ್ತೇವೆ. ಖಿನ್ನತೆಯಲ್ಲಿರುವವರು ಒಂದೊಂದನ್ನೂ ಕೂತು ಲೆಕ್ಕ ಹಾಕಬೇಕು. ಬೆಳಿಗ್ಗೆ ಹತ್ತಕ್ಕೇ ಸುಸ್ತಾಗದೆ ಇನ್ನೇನು? ತೀರ್ಮಾನ ಮಾಡಲಾಗದಿರುವುದು ಖಿನ್ನತೆಯ ಲಕ್ಷಣ ಅಂತ ವೈದ್ಯರ ಕೈಪಿಡಿಗಳಲ್ಲೇ ಇದೆ. ಅದನ್ನು ಸೋಮಾರಿತನ ಅನ್ನುವುದು ಅನ್ಯಾಯ.

ಇದಕ್ಕಿಂತ ಭಯ ಹುಟ್ಟಿಸುವ ಸಂಗತಿ ಇನ್ನೊಂದಿದೆ. ಒಳದನಿ ಪೂರ್ತಿ ಸುಮ್ಮನಾಗುವುದಿಲ್ಲ. "ನಾನು ಎಲ್ಲರಿಗೂ ಹೊರೆ", "ಅವರಿಗೆ ನಾನು ಬೇಡವಾಗಿದ್ದೇನೆ" ಅನ್ನುವುದು ಅವರಿಗೆ ಬರೀ ಯೋಚನೆಯಾಗಿ ಬರುವುದಿಲ್ಲ, ಕಣ್ಣಿಗೆ ಕಂಡಷ್ಟೇ ಖಚಿತವಾಗಿ ಬರುತ್ತದೆ. ವಾದ ಮಾಡಿ ಅದನ್ನು ಅಳಿಸಲಾಗದು. ಸಾಯಬೇಕು ಅನ್ನುವ ಮಾತೂ ಅದೇ ದನಿಯಲ್ಲಿ ಬರಬಹುದು. ಯಾರಾದರೂ ಹಾಗೆ ಹೇಳಿಕೊಂಡರೆ ಅವರನ್ನು ಒಬ್ಬರನ್ನೇ ಬಿಡಬೇಡಿ, ತಕ್ಷಣ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಉಳಿದ ದಿನಗಳಲ್ಲಿ ಆಯ್ಕೆಯ ಭಾರ ಕಡಿಮೆ ಮಾಡಿ. "ಏನು ಮಾಡೋಣ ಹೇಳು" ಅನ್ನುವ ಬದಲು "ಸಂಜೆ ಬರ್ತೀನಿ, ಸ್ವಲ್ಪ ನಡೆದು ಬರೋಣ" ಅನ್ನಿ. ಬೇಡ ಅಂದರೆ ಒತ್ತಾಯ ಬೇಡ. ನಾಳೆ ಮತ್ತೆ ಕೇಳಿ. ಕೆಲಸ ಬಿಡುವುದು, ಮದುವೆ ಮುರಿಯುವುದು, ಆಸ್ತಿ ಮಾರುವುದು ಇಂಥವನ್ನು ಆದಷ್ಟೂ ಚಿಕಿತ್ಸೆಯಿಂದ ಸ್ವಲ್ಪ ಚೇತರಿಸಿಕೊಳ್ಳುವ ತನಕ ಮುಂದೂಡಲು ಹೇಳಿ. ಹೊಡೆತ, ಬೆದರಿಕೆ ಇರುವ ಮನೆಯಿಂದ ಹೊರಬರುವ ವಿಷಯಕ್ಕೆ ಮಾತ್ರ ಇದನ್ನು ಹೇಳಬೇಡಿ. ಅಲ್ಲಿ ಕಾಯಬಾರದು, ಜೊತೆಗೆ ನಿಂತು ಕರೆತರಬೇಕು.