ರೇಷನ್ನಿನಲ್ಲಿ ಸೋಪು ಇರಲಿಲ್ಲ

ಕಾನ್ಸಂಟ್ರೇಷನ್ ಕ್ಯಾಂಪ್ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಹಿಟ್ಲರ್. ಅವನಿಗಿಂತ ಮೂರು ದಶಕ ಮೊದಲೇ ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷರ ಕ್ಯಾಂಪುಗಳಲ್ಲಿ ಸುಮಾರು 28,000 ಬೋಯರ್ ಜನ, ಅಂದರೆ ಅಲ್ಲಿ ನೆಲೆಸಿದ್ದ ಡಚ್ ಮೂಲದ ಬಿಳಿಯರು, ಸತ್ತರು. ಅವರಲ್ಲಿ 22,000ಕ್ಕೂ ಹೆಚ್ಚು ಮಂದಿ 16 ತುಂಬದ ಮಕ್ಕಳು. ಅಲ್ಲಿ ಗ್ಯಾಸ್ ಛೇಂಬರ್ ಇರಲಿಲ್ಲ, ಕೊಲ್ಲಿ ಅಂತ ಯಾರೂ ಆದೇಶ ಕೊಟ್ಟಿರಲಿಲ್ಲ. ಹಾಗಿದ್ದೂ ಅಷ್ಟು ಮಕ್ಕಳು ಹೇಗೆ ಸತ್ತವು ಅನ್ನುವುದನ್ನು ನಾವು ಕೂತು ಓದಲೇಬೇಕು.

ತಮ್ಮ ವಿರುದ್ಧ ಗೆರಿಲ್ಲಾ ಯುದ್ಧ ಮಾಡುತ್ತಿದ್ದ ಬೋಯರರಿಗೆ ಊಟ, ಆಸರೆ ಸಿಗದಂತೆ ಮಾಡಲು ಬ್ರಿಟಿಷ್ ಸೈನ್ಯ ಸುಮಾರು 30,000 ತೋಟದ ಮನೆಗಳನ್ನು ಸುಟ್ಟಿತು. ದನಕುರಿ ಕೊಂದು, ಹೆಂಗಸರು ಮಕ್ಕಳನ್ನು ರೈಲ್ವೆ ಹಳಿಯ ಪಕ್ಕದ ಡೇರೆಗಳಿಗೆ ಸಾಗಿಸಿತು. ಸರ್ಕಾರ ಇವನ್ನು ಕರೆದದ್ದು ನಿರಾಶ್ರಿತರ ಶಿಬಿರ ಅಂತ! ಮೊದಮೊದಲು ರೇಷನ್ನಿಗೆ ಎರಡು ಪಟ್ಟಿ ಇತ್ತು: ಗಂಡಸರು ಇನ್ನೂ ಹೋರಾಡುತ್ತಿದ್ದ ಮನೆಯವರಿಗೆ ಕಡಿಮೆ, ಟ್ರಾನ್ಸ್‌ವಾಲ್ ಪ್ರಾಂತ್ಯದಲ್ಲಂತೂ ಅವರಿಗೆ ಮಾಂಸವೇ ಇಲ್ಲ. ಅಪ್ಪನ ಮೇಲಿನ ಸಿಟ್ಟನ್ನು ಮಗುವಿನ ತಟ್ಟೆಯಲ್ಲಿ ತೀರಿಸಿಕೊಂಡರು.

1901ರ ಜನವರಿಯಲ್ಲಿ ಬ್ಲೂಮ್‌ಫಾಂಟೇನ್ ಊರಿನ ಕ್ಯಾಂಪಿಗೆ ಹೋದ ಬ್ರಿಟಿಷ್ ಸಮಾಜ ಸೇವಕಿ ಎಮಿಲಿ ಹಾಬ್‌ಹೌಸ್ ಕೇಳಿದ ಮೊದಲ ವಸ್ತುಗಳಲ್ಲಿ ಒಂದು ಸೋಪು. ರೇಷನ್ನಿನಲ್ಲಿ ಅದು ಇರಲೇ ಇಲ್ಲ. ನೀರು ಕೊಳಕು, ಕುದಿಸೋಣ ಅಂದರೆ ಸೌದೆ ಸಾಲದು. ಹಿಟ್ಟು, ಕಾಫಿ, ಸಕ್ಕರೆ, ಉಪ್ಪು ಸಿಕ್ಕರೂ ತರಕಾರಿ ಇಲ್ಲ. ಒಂಟಿ ತೋಟದ ಮನೆಗಳಲ್ಲಿ ಬೆಳೆದ ಮಕ್ಕಳಿಗೆ ದಡಾರ ಮೊದಲು ಬಂದಿರಲಿಲ್ಲ. ಒಂದೇ ಡೇರೆಯಲ್ಲಿ ಹತ್ತಾರು ಜನ ಮಲಗಿದಾಗ ಅದು ಒಬ್ಬರಿಂದೊಬ್ಬರಿಗೆ ಹಬ್ಬಿತು, ಬೆನ್ನಿಗೇ ನ್ಯುಮೋನಿಯಾ. ಇನ್ನೊಂದು ಕಡೆ ಟೈಫಾಯ್ಡ್. 1901ರ ಅಕ್ಟೋಬರ್‌ನಲ್ಲಿ ಸಾವಿನ ಪ್ರಮಾಣ ವರ್ಷಕ್ಕೆ ಸಾವಿರಕ್ಕೆ 344ರ ಲೆಕ್ಕಕ್ಕೆ ಏರಿತ್ತು.

ಬ್ರಿಟನ್ನಿನಲ್ಲಿ ಗಲಾಟೆ ಎದ್ದ ಮೇಲೆ ಸರ್ಕಾರ ಕಳಿಸಿದ ಹೆಂಗಸರ ತನಿಖಾ ತಂಡ ಫಾಸೆಟ್ ಸಮಿತಿ ಬಂತು, ಕ್ಯಾಂಪುಗಳು ಸೈನ್ಯದ ಕೈಯಿಂದ ಸಿವಿಲ್ ಆಡಳಿತಕ್ಕೆ ಹೋದವು. ಕುದಿಸಿದ ನೀರು, ನರ್ಸುಗಳು, ಒಳ್ಳೆಯ ಆಹಾರ ಸಿಕ್ಕಿದ್ದೇ ತಡ, 1902ರ ಮೇ ಹೊತ್ತಿಗೆ ಆ ಪ್ರಮಾಣ ಸುಮಾರು 20ಕ್ಕೆ ಇಳಿಯಿತು. ಅಂದರೆ ಮೊದಲೇ ಕೊಟ್ಟಿದ್ದರೆ ಆ ಮಕ್ಕಳು ಬದುಕುತ್ತಿದ್ದವು. ನನಗೆ ತಡೆಯಲಾಗದ ಮಾತು ಇದೇ.

ಕಪ್ಪು ಜನರಿಗೆ ಬೇರೆ ಕ್ಯಾಂಪುಗಳಿದ್ದವು, ಅಲ್ಲಿ ಸುಧಾರಣೆಯೂ ತಡ, ಲೆಕ್ಕವೂ ಅರೆಬರೆ. ದಾಖಲಾದ ಸಾವುಗಳೇ 14,000ಕ್ಕೂ ಹೆಚ್ಚು. ಅಲ್ಲಿ ದುಡಿಯಬೇಕು, ಊಟಕ್ಕೆ ದುಡ್ಡು ಕೊಡಬೇಕು. ಬೋಯರ್ ಸ್ಮಾರಕಗಳು ಇವರನ್ನು ಬಹುಕಾಲ ಮರೆತೇಬಿಟ್ಟಿದ್ದವು.

ನಮಗೂ ಇದರ ನಂಟಿದೆ. ಸೆರೆಸಿಕ್ಕ ಬೋಯರ್ ಗಂಡಸರಲ್ಲಿ ಕೆಲವರನ್ನು ಬಳ್ಳಾರಿಗೆ ತಂದಿಟ್ಟಿದ್ದರು. ಅದೇ ಬಳ್ಳಾರಿ 1877ರ ಬರದಲ್ಲಿ ನಲುಗಿದ ಜಿಲ್ಲೆ. ಪರಿಹಾರ ಕಾಮಗಾರಿಯ ಕೂಲಿಯವನಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಸಾಕು ಅಂತ ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ ಕಡಿತ ಮಾಡಿದ್ದು ಆಗಲೇ. ಒಂದು ಪೌಂಡ್ ಅಂದರೆ ಅರ್ಧ ಕೆಜಿಗೂ ಕಡಿಮೆ, ಅದನ್ನು ತಿಂದು ಮಣ್ಣು ಹೊರಬೇಕು. ಸೋವಿಯತ್ ದುಡಿಮೆಯ ಶಿಬಿರಗಳಾದ ಗುಲಾಗ್‌ನಲ್ಲೂ ಇಂಥದ್ದೇ ಲೆಕ್ಕ ನಡೆಯಿತು: ನಿಗದಿ ಮುಟ್ಟದವನಿಗೆ ಬ್ರೆಡ್ ಕಡಿತ, ಕಡಿಮೆ ತಿಂದವನು ನಾಳೆ ಇನ್ನೂ ಕಡಿಮೆ ದುಡಿಯುತ್ತಾನೆ, ನಾಡಿದ್ದು ಬ್ರೆಡ್ ಇನ್ನೂ ಇಳಿಯುತ್ತದೆ.

ಜನರನ್ನು ಕೂಡಿಹಾಕುವ ಕಾಗದವೂ ಎಲ್ಲ ಕಡೆ ಹೆಚ್ಚುಕಮ್ಮಿ ಒಂದೇ. ಜರ್ಮನಿಯಲ್ಲಿ 1933ರ ಫೆಬ್ರವರಿ 28ರ ತುರ್ತು ಆದೇಶ ವಿಚಾರಣೆಯಿಲ್ಲದೆ ಹಿಡಿದಿಡಲು ದಾರಿ ಮಾಡಿತು, ಮಾರ್ಚ್ 22ಕ್ಕೆ ಡಾಖೌ ಕ್ಯಾಂಪ್ ಶುರು. (ನಾಜಿಗಳ ಟ್ರೆಬ್ಲಿಂಕಾ ಕ್ಯಾಂಪ್ ಬೇರೆ ಬಗೆಯದು. ಅಲ್ಲಿಗೆ ತಂದವರಲ್ಲಿ ಹೆಚ್ಚಿನವರನ್ನು ಬಂದ ಕೆಲವೇ ಗಂಟೆಗಳಲ್ಲಿ ಕೊಂದರು. ಎರಡನ್ನೂ ಒಂದೇ ಅನ್ನಬಾರದು.) 1942ರಲ್ಲಿ ಅಮೆರಿಕ ಸುಮಾರು 1,20,000 ಜಪಾನಿ ಮೂಲದವರನ್ನು ಕೂಡಿಹಾಕಿತು, ಬಹುಪಾಲು ಅದೇ ದೇಶದ ಪ್ರಜೆಗಳು.

1962ರ ಚೀನಾ ಯುದ್ಧದ ಹೊತ್ತಿಗೆ ನಾವೂ ಅದನ್ನೇ ಮಾಡಿದೆವು. ಅಸ್ಸಾಂ, ಡಾರ್ಜಿಲಿಂಗ್ ಕಡೆಯ ಸುಮಾರು 3,000 ಚೀನೀ ಮೂಲದವರನ್ನು, ಮುದುಕರು ಮಕ್ಕಳನ್ನೂ ಬಿಡದೆ, ರೈಲಿನಲ್ಲಿ ರಾಜಸ್ಥಾನದ ದೇವಳಿ ಕ್ಯಾಂಪಿಗೆ ಸಾಗಿಸಿದೆವು. ಮೊಕದ್ದಮೆ ಇಲ್ಲ, ಕೆಲವರಿಗೆ ವರ್ಷಗಟ್ಟಲೆ ಬಿಡುಗಡೆಯೂ ಇಲ್ಲ. ಅಮೆರಿಕ 1988ರಲ್ಲಿ ಕಾನೂನು ಮಾಡಿ ಕ್ಷಮೆ ಕೇಳಿತು, ಬದುಕಿದ್ದ ಪ್ರತಿಯೊಬ್ಬರಿಗೂ 20,000 ಡಾಲರ್ ಕೊಟ್ಟಿತು. ದೇವಳಿಯಲ್ಲಿದ್ದ ಮಕ್ಕಳು ಈಗ ಮುದುಕರಾಗಿದ್ದಾರೆ. ಅವರಿಗೆ ನಮ್ಮ ಸರ್ಕಾರದ ಕ್ಷಮೆಯ ಕಾಗದ ಇನ್ನೂ ಹೋಗಬೇಕಿದೆ.