ಎಲ್ಲಿಗೆ ಹೋದರೂ ಫೋಟೊ ಬೇಕಾ?

ಪರ

ನನಗೆ ಪರ ಬರೆಯಲು ಹೇಳಿದ್ದಾರೆ. ಕಾರಣ ಇಷ್ಟೇ, ದಾದರ್‌ನ ಒಂದು ಸ್ಟುಡಿಯೊದಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದವನು ನಾನು. ನಿಜ ಹೇಳಬೇಕೆಂದರೆ ಈಗ ನಾನು ಫೋಟೊ ತೆಗೆಯುವುದೇ ಕಡಿಮೆ. ಮೊಮ್ಮಗಳ ಹುಟ್ಟುಹಬ್ಬಕ್ಕೂ ಅಳಿಯನೇ ತೆಗೆಯಲಿ ಅಂತ ಕೂತಿರುತ್ತೇನೆ. ಆದರೂ ಉಪ್ಪು ತಿಂದದ್ದಕ್ಕೆ ಬರೆಯಬೇಕಲ್ಲ.

ಮೊದಲನೆಯದು, ನೆನಪು ಮಾಸುತ್ತದೆ, ಫೋಟೊ ಉಳಿಯುತ್ತದೆ. ಎರಡನೆಯದು ಇತಿಹಾಸ. ಇದೇ ಮುಂಬೈಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತ, ದೇಶದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಹೋಮಾಯಿ ವ್ಯಾರಾವಾಲಾ ಸೀರೆಯುಟ್ಟು, ಹೆಗಲಿಗೆ ಕ್ಯಾಮೆರಾ ಹಾಕಿಕೊಂಡು ಓಡಾಡದಿದ್ದರೆ 1947ರ ದಿನಗಳನ್ನು ನಾವು ಇಷ್ಟು ಹತ್ತಿರದಿಂದ ನೋಡುತ್ತಿರಲಿಲ್ಲ. ಮೂರನೆಯದು ಏನೋ ಯೋಚಿಸಿದ್ದೆ, ಮರೆತುಹೋಯಿತು. ಅದರದ್ದೂ ಒಂದು ಫೋಟೊ ತೆಗೆದಿಟ್ಟುಕೊಳ್ಳಬೇಕಿತ್ತು.

ಮರೆಯದಿರುವುದು ಒಂದಿದೆ. ಸ್ಟುಡಿಯೊದ ಗೋಡೆಯಲ್ಲಿ ಒಂದು ಕರಿ ಕೋಟು ತೂಗುತ್ತಿತ್ತು. ಬಂದವರಿಗೆಲ್ಲ ಅದೇ. ತೆಳ್ಳಗಿದ್ದವರಿಗೆ ಬೆನ್ನ ಹಿಂದೆ ಬಟ್ಟೆ ಒಣಹಾಕುವ ಕ್ಲಿಪ್ ಸಿಕ್ಕಿಸಿ ಬಿಗಿ ಮಾಡುತ್ತಿದ್ದೆವು. ಉಡುಪಿ, ಕುಂದಾಪುರದ ಕಡೆಯಿಂದ ಹೋಟೆಲ್ ಕೆಲಸಕ್ಕೆ ಬಂದ ಹುಡುಗರು ಸಂಬಳದ ವಾರ ಬರುತ್ತಿದ್ದರು, ಮಧ್ಯಾಹ್ನ ಊಟದ ಗಲಾಟೆ ಮುಗಿದ ಮೇಲೆ. ಗ್ಲಾಸು ತೊಳೆದು ತೊಳೆದು ಅವರ ಬೆರಳು ಬಿಳಿಚಿ ಸುಕ್ಕಾಗಿರುತ್ತಿತ್ತು. ಒಬ್ಬ ಹುಡುಗ, "ಕೈ ಕಾಣದ ಹಾಗೆ ತೆಗೀರಿ ಅಣ್ಣಾ, ಅಮ್ಮ ನೋಡ್ತಾರೆ" ಅಂದ. ಕೈ ಜೇಬಿನಲ್ಲಿ ಇಡಿಸಿ ತೆಗೆದೆ. ಫೋಟೊ ಕಾಗದದ ಜೊತೆ ಊರಿಗೆ ಹೋಯಿತು. ತನಗೆ ಅಂತ ಅವನು ಒಂದು ಪ್ರತಿಯನ್ನೂ ಮಾಡಿಸಲಿಲ್ಲ.

ಇಷ್ಟು ಸಾಕಲ್ವಾ? ಒಂದು ಇಡ್ಲಿಗೆ ಹನ್ನೆರಡು ಫೋಟೊ ತೆಗೆಯುವವರ ಪರವಾಗಿ ನನ್ನಿಂದ ವಾದ ಮಾಡಲಾಗುವುದಿಲ್ಲ.

ವಿರೋಧ

ನನ್ನನ್ನು ಯಾರೂ ಒತ್ತಾಯ ಮಾಡಬೇಕಾಗಲಿಲ್ಲ. ಫೋಟೊ ತೆಗೆಯುವುದರಲ್ಲಿ ಏನು ಸುಖ ಅಂತ 62 ವರ್ಷವಾದರೂ ನನಗೆ ಅರ್ಥವಾಗಿಲ್ಲ.

ಹೋದ ಡಿಸೆಂಬರಿನಲ್ಲಿ ಡೊಂಬಿವಲಿಯಿಂದ ನಾವು ಹತ್ತು ಜನ ಗೋವಾಕ್ಕೆ ಹೋದೆವು. ಪಣಜಿಯ ಫೊಂಟೇನ್ಹಾಸ್ ಗೊತ್ತಲ್ಲ, ಹಳದಿ, ನೀಲಿ, ಕೆಂಪು ಮನೆಗಳ ಆ ಹಳೆಯ ಓಣಿ. ನನ್ನ ತಂಗಿಯ ಮಗಳು ಒಂದು ನೀಲಿ ಬಾಗಿಲಿನ ಮುಂದೆ ಹೋಗಿ ನಿಂತಳು. ನನ್ನ ಕೈಯಲ್ಲಿ ನಾಲ್ಕು ಬ್ಯಾಗು, ಒಂದು ಟೋಪಿ, ಯಾರೋ ಅರ್ಧ ಕುಡಿದ ಎಳನೀರು. "ದೊಡ್ಡಮ್ಮ, ಸ್ವಲ್ಪ ಪಕ್ಕಕ್ಕೆ. ಫ್ರೇಮಲ್ಲಿ ಬರ್ತಿದ್ದೀರಿ." ಪಕ್ಕಕ್ಕೆ ಸರಿದೆ. ಅಷ್ಟರಲ್ಲಿ ಪಾವ್ ಮಾರುವವನು ಸೈಕಲ್ಲಿನ ಹಾರ್ನ್ ಒತ್ತುತ್ತಾ ಬಂದ. ಬಾಗಿಲು ತೆರೆಯಿತು. ಬಟ್ಟೆಚೀಲ ಹಿಡಿದು ಮನೆಯೊಡತಿ ಹೊರಗೆ ಬಂದರು. ನಮ್ಮ ಹುಡುಗಿ ಅಂಗೈ ತೋರಿಸಿ "ಒನ್ ಮಿನಿಟ್ ಆಂಟಿ" ಅಂದಳು! ಅವರ ಮನೆ, ಅವರ ಹೊಸ್ತಿಲು, ಅವರೇ ಕಾದು ನಿಂತರು. ಪಾವ್‌ನವನು ಮುಂದಿನ ತಿರುವು ದಾಟಿ ಹೋಗಿಯೇಬಿಟ್ಟ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ರಾತ್ರಿ ಊಟಕ್ಕೆ ಕೂತಾಗ ಆ ಮಾತು ತೆಗೆದೆ. ಅವಳು ಫೋನಿನಿಂದ ತಲೆ ಎತ್ತಿ "ಯಾವ ಆಂಟಿ?" ಅಂದಳು.

ನೆನಪಿಗಾಗಿ ಫೋಟೊ ಅಂತ ಹೇಳುತ್ತಾರಲ್ಲ, ಅದಕ್ಕೆ ನನ್ನ ಉತ್ತರ ಇದೇ. ಯಾವ ಆಂಟಿ! ಅಮೆರಿಕದ ಮನಶ್ಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ ಅವರ 2014ರ ಅಧ್ಯಯನವೂ ಇದನ್ನೇ ಹೇಳುತ್ತದೆ. ವಿದ್ಯಾರ್ಥಿಗಳನ್ನು ಮ್ಯೂಸಿಯಮ್ಮಿಗೆ ಕರೆದೊಯ್ದರು. ಬರೀ ಕಣ್ಣಲ್ಲಿ ನೋಡಿದ ವಸ್ತುಗಳಿಗಿಂತ ಫೋಟೊ ತೆಗೆದ ವಸ್ತುಗಳೇ ಅವರಿಗೆ ಕಡಿಮೆ ನೆನಪಿದ್ದವು. ಜೂಮ್ ಮಾಡಿ ತೆಗೆದಾಗ ಮಾತ್ರ ಅಂಥ ಮರೆವು ಕಾಣಲಿಲ್ಲ ಅಂತಲೂ ಅದರಲ್ಲಿದೆ. ಇರಲಿ ಬಿಡಿ. ಇನ್ನು ಪ್ರಾಣವನ್ನೇ ಕೊಟ್ಟವರ ಮಾತು. 2016ರ ಜನವರಿಯಲ್ಲಿ ಬಾಂದ್ರಾ ಬ್ಯಾಂಡ್‌ಸ್ಟ್ಯಾಂಡ್‌ನಲ್ಲಿ ಸೆಲ್ಫಿ ತೆಗೆಯಲು ಹೋದ ಹುಡುಗಿ ನೀರುಪಾಲಾದಳು, ಉಳಿಸಲು ಹಾರಿದವನೂ ಬದುಕಲಿಲ್ಲ. ಆಮೇಲೆ ಪೊಲೀಸರು ಊರಿನ ಹಲವು ಕಡೆ ಸೆಲ್ಫಿ ಬೇಡ ಅಂತ ಗುರುತು ಮಾಡಬೇಕಾಯಿತು.

ಪರ ಬರೆದವರು ಊರಿಗೆ ಕಳಿಸಿದ ಫೋಟೊದ ಕಥೆ ಹೇಳಿ ಕಣ್ಣೀರು ಹಾಕಿಸುತ್ತಾರೆ ಅಂತ ನನಗೆ ಮೊದಲೇ ಗೊತ್ತಿತ್ತು. ಸ್ಟುಡಿಯೊದವರ ವ್ಯಾಪಾರವೇ ಅದು. ಅವರ ವ್ಯಾಪಾರದಿಂದ ನನಗೇನಾಯಿತು, ಅದನ್ನೂ ಕೇಳಿ.

1989ರಲ್ಲಿ, ಮದುವೆಯಾದ ಹೊಸದರಲ್ಲಿ, ನಮ್ಮ ಯಜಮಾನರು ಸ್ನೇಹಿತರ ಕ್ಯಾಮೆರಾ ಕೇಳಿ ತಂದರು. ಲೋಣಾವಳಕ್ಕೆ ಹೊರಟಿದ್ದೆವು. ರೋಲನ್ನು ಅಂಗಡಿಯವನೇ ಹಾಕಿಕೊಟ್ಟ. ಒಂದು ರೋಲಿಗೆ 36 ಫೋಟೊ, ಜಾಣರು ಎಳೆದರೆ 37. ಕರ್ಜತ್‌ನಲ್ಲಿ ಭೋರ್ ಘಾಟಿ ಹತ್ತಲು ಗಾಡಿಯ ಹಿಂದೆ ಎಂಜಿನ್ ಜೋಡಿಸುತ್ತಾರೆ, ಅಲ್ಲಿಯವರೆಗೆ ವಡೆ ತಿನ್ನುವ ಹೊತ್ತು. ಇವರು ಇಳಿದು ಓಡಿದರು. ಎರಡೂ ಕೈಯಲ್ಲಿ ವಡಾಪಾವ್, ಕಂಕುಳಲ್ಲಿ ಪೇಪರು, ಹಲ್ಲಿನಲ್ಲಿ ಕಚ್ಚಿದ ಹತ್ತು ರೂಪಾಯಿ ನೋಟು. ಗಾಡಿ ಅಲುಗಿತು. ಕಿಟಕಿಯಿಂದ "ಹತ್ತಿ, ಹತ್ತಿ" ಅಂತ ಕಿರುಚಿದೆ. ನೋಟು ಹಲ್ಲಲ್ಲಿದ್ದದ್ದರಿಂದ ಅವರಿಗೆ ಉತ್ತರ ಕೊಡಲಾಗಲಿಲ್ಲ. ಹತ್ತಿದ ಮೇಲೆ ಇಬ್ಬರೂ ನಕ್ಕೆವು ನೋಡಿ, ಖಂಡಾಲದವರೆಗೂ ನಿಲ್ಲಲಿಲ್ಲ.

ರೋಲ್ ತೊಳೆಸಿದಾಗ ಒಂದು ಫೋಟೊವೂ ಬಂದಿರಲಿಲ್ಲ. ಫಿಲ್ಮ್ ಕ್ಯಾಮೆರಾದೊಳಗಿನ ಹಲ್ಲಿಗೆ ಕಚ್ಚಿರಲೇ ಇಲ್ಲವಂತೆ. 36 ಸಲ "ಸ್ವಲ್ಪ ನಗು" ಅಂದದ್ದು ಸುಮ್ನೆ.

ಅವರು ಹೋಗಿ 11 ವರ್ಷವಾಯಿತು. ಗೋಡೆಯ ಮೇಲೆ ಅವರ ಫೋಟೊ ಇಲ್ವಾ ಅಂತ ಕೇಳುತ್ತೀರಿ. ಇದೆ. ರೇಷನ್ ಕಾರ್ಡಿಗೆ ಅಂತ ತೆಗೆಸಿದ್ದನ್ನು ದೊಡ್ಡದು ಮಾಡಿಸಿದ್ದು. ಬಿಗಿಯಾದ ಕಾಲರ್, ಮುಚ್ಚಿದ ಬಾಯಿ. ಅದರಲ್ಲಿ ಅವರು ಅವರ ಹಾಗೆ ಕಾಣುವುದೇ ಇಲ್ಲ.