ಕಿತ್ತೂರಿನ ವಾಡೆ ಮತ್ತು ಅದರ ದೇಸಾಯರು

ಕಿತ್ತೂರು ಎಂದೊಡನೆ ನಮಗೆಲ್ಲ ನೆನಪಾಗುವುದು 1824ರ ಅಕ್ಟೋಬರ್ 23. ಕಂಪನಿ ಸರ್ಕಾರದ ಕಲೆಕ್ಟರ್ ಥ್ಯಾಕರೆ ಕೋಟೆಯೆದುರು ಹತನಾದ ಆ ದಿನದ ಬಗ್ಗೆ ನಮಗಿರುವ ಹೆಮ್ಮೆ ಸಹಜವಾದದ್ದು, ಇರಬೇಕಾದದ್ದು. ಆದರೆ ಅಂದು ಚೆನ್ನಮ್ಮ ಪಣಕ್ಕಿಟ್ಟದ್ದು ಸುಮಾರು 240 ವರ್ಷಗಳಿಂದ ನಡೆದುಬಂದಿದ್ದ ಒಂದು ದೊಡ್ಡ ಮನೆತನವನ್ನು. ಆ ಮನೆತನ ಹೇಗೆ ಬೆಳೆಯಿತು, ಯಾರಿಗೆ ಕಪ್ಪ ಕೊಟ್ಟಿತು, ಎಷ್ಟು ಬಾರಿ ತಲೆಬಾಗಿ ಮತ್ತೆ ಎದ್ದಿತು ಎಂಬುದನ್ನು ತಿಳಿಯದೆ ಅವಳ ನಿರ್ಧಾರದ ತೂಕ ನಮಗೆ ತಿಳಿಯುವುದಿಲ್ಲ ಎಂದು ನಾನು ನಂಬಿದ್ದೇನೆ.

ಕಥೆ ಆರಂಭವಾಗುವುದು ಇಬ್ಬರು ಅಣ್ಣತಮ್ಮಂದಿರಿಂದ. ಹಿರೇಮಲ್ಲಶೆಟ್ಟಿ ಮತ್ತು ಚಿಕ್ಕಮಲ್ಲಶೆಟ್ಟಿ ಎಂಬ ಸಾಗರ ಸೀಮೆಯ ಲಿಂಗಾಯತರು 16ನೆಯ ಶತಮಾನದ ಕೊನೆಯ ಹೊತ್ತಿಗೆ ಬಿಜಾಪುರದ ಆದಿಲಶಾಹಿ ಸೇನೆಯೊಂದಿಗೆ ಈ ಕಡೆ ಬಂದು, ಸಂಪಗಾವಿಯಲ್ಲಿ ನೆಲೆನಿಂತು ಸರದೇಸಾಯಿಕೆಯನ್ನು ಪಡೆದರು. ದೇಸಾಯಿ ಎಂದರೆ ಸೀಮೆಯ ಕಂದಾಯ ಎತ್ತುವ, ತನ್ನ ಪಾಲನ್ನು ಉಳಿಸಿಕೊಂಡು ಉಳಿದದ್ದನ್ನು ಮೇಲಿನವರಿಗೆ ಸಲ್ಲಿಸುವ, ಕರೆ ಬಂದಾಗ ಸವಾರರನ್ನು ಕಳುಹಿಸುವ ವಂಶಪಾರಂಪರ್ಯದ ಅಧಿಕಾರಿ. ಇಂಥ ಮನೆತನಗಳು ನಮ್ಮ ಉತ್ತರ ಕರ್ನಾಟಕದಲ್ಲಿ ಊರೂರಿಗೆ ಇದ್ದವು, ಅವರ ವಾಡೆಗಳ, ಅಂದರೆ ಕೋಟೆಯಂಥ ದೊಡ್ಡ ಮನೆಗಳ, ಹುಡೇವುಗಳು (ಕಾವಲು ಬುರುಜುಗಳು) ಇಂದಿಗೂ ಅಲ್ಲಲ್ಲಿ ನಿಂತಿವೆ. 17ನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಪ್ಪಗೌಡ ಸರದೇಸಾಯಿ ತನ್ನ ಗಾದಿಯನ್ನು ಕಿತ್ತೂರಿಗೆ ತಂದು ಕೋಟೆ ಕಟ್ಟಿಸಿದ ಮೇಲೆ, ಕಂದಾಯದ ಕಚೇರಿಯಾಗಿದ್ದ ಈ ಮನೆ ಸಂಸ್ಥಾನದ ರೂಪ ತಾಳಿತು.

ನನ್ನನ್ನು ಬಹಳವಾಗಿ ಕಾಡುವವನು ಚೆನ್ನಮ್ಮನ ಪತಿ, ದೇಸಾಯಿ ಮಲ್ಲಸರ್ಜ. ಉತ್ತರಕ್ಕೆ ಪೇಶ್ವೆಗಳು, ದಕ್ಷಿಣಕ್ಕೆ ಮೈಸೂರು. ಇವರಿಬ್ಬರ ನಡುವೆ ಸಿಕ್ಕಿದ್ದ ಸೀಮೆ ಅವನದು. 1785ರಲ್ಲಿ ಟಿಪ್ಪುವಿನ ಸೇನೆ ಕಿತ್ತೂರನ್ನು ವಶಪಡಿಸಿಕೊಂಡಿತು. ಸೆರೆಯಾದ ಮಲ್ಲಸರ್ಜ ಕಬ್ಬಾಳದುರ್ಗದಿಂದ ತಪ್ಪಿಸಿಕೊಂಡು ಬಂದು ಮತ್ತೆ ತನ್ನ ಸೀಮೆಯನ್ನು ಕೂಡಿಸಿದ. 1809ರಲ್ಲಿ ಪೇಶ್ವೆಗೆ ವರ್ಷಕ್ಕೆ 1,75,000 ರೂಪಾಯಿ ಕೊಡುವ ಕರಾರಿಗೆ ಒಪ್ಪಿದರೂ ಅವನಿಗೆ ನೆಮ್ಮದಿ ಸಿಗಲಿಲ್ಲ. ಪೇಶ್ವೆ ಅವನನ್ನು ಪುಣೆಯಲ್ಲಿ ಹಿಡಿದಿಟ್ಟುಕೊಂಡ, ಅಲ್ಲಿ ಆರೋಗ್ಯ ಕೆಟ್ಟು 1816ರಲ್ಲಿ ಅವನು ತೀರಿಕೊಂಡ. ಪಟ್ಟಕ್ಕೆ ಬಂದ ಅವನ ಮಗ ಶಿವಲಿಂಗರುದ್ರಸರ್ಜ 1818ರಲ್ಲಿ, ಬೆಳಗಾವಿ ಕೋಟೆಯ ಮುತ್ತಿಗೆಯ ವೇಳೆ, ಥಾಮಸ್ ಮನ್ರೋಗೆ ನೆರವಾಗಿ ಕಂಪನಿಯ ಸ್ನೇಹ ಸಂಪಾದಿಸಿದ. ಈ ಮಾತನ್ನು ನಮ್ಮ ಸಭೆಗಳಲ್ಲಿ ಹೇಳಲು ಹಿಂಜರಿಯುತ್ತಾರೆ. ಹಿಂಜರಿಯಬೇಕಾಗಿಲ್ಲ. ತಂದೆಯನ್ನು ಸೆರೆಯಲ್ಲಿಟ್ಟ ಪೇಶ್ವೆಯ ವಿರುದ್ಧ ಮಗ ನಿಂತನೆಂದರೆ ಅದರಲ್ಲಿ ಅಚ್ಚರಿಯೇನಿದೆ? ಅದೇ ಕಂಪನಿ ಆರು ವರ್ಷಗಳಲ್ಲಿ ಆ ಮನೆಯ ಖಜಾನೆಗೆ ಬೀಗಮುದ್ರೆ ಹಾಕಿತು ಎಂಬುದನ್ನು ಈ ನೆರವಿನ ಪಕ್ಕದಲ್ಲಿಟ್ಟು ನೋಡಿದಾಗಲೇ ಚೆನ್ನಮ್ಮನ ಸಿಟ್ಟಿನ ಆಳ ತಿಳಿಯುತ್ತದೆ.

1824ರ ಸೆಪ್ಟೆಂಬರ್‌ನಲ್ಲಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಉತ್ತರಾಧಿಕಾರಿಗಾಗಿ ಮಾಡಿಕೊಂಡ ದತ್ತಕದ ಪತ್ರದ ಮೇಲೆ ಅನುಮಾನ ತೋರಿ ಥ್ಯಾಕರೆ ಅದನ್ನು ಮಾನ್ಯ ಮಾಡಲಿಲ್ಲ. ದತ್ತಕವನ್ನು ತಳ್ಳಿಹಾಕಿ ಸಂಸ್ಥಾನ ನುಂಗುವ ಡಾಲ್‌ಹೌಸಿಯ ಕಾಲ ಬರಲು ಇನ್ನೂ ಎರಡು ದಶಕಗಳಿಗೂ ಹೆಚ್ಚು ಸಮಯವಿತ್ತು. ಮುಂದಿನದು ಎಲ್ಲರಿಗೂ ಗೊತ್ತು: ಅಕ್ಟೋಬರ್‌ನಲ್ಲಿ ಗೆಲುವು, ಡಿಸೆಂಬರ್‌ನಲ್ಲಿ ಸೋಲು, ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ರಾಣಿಯ ಸಾವು, 1831ರಲ್ಲಿ ನಂದಗಡದಲ್ಲಿ ಸಂಗೊಳ್ಳಿ ರಾಯಣ್ಣನಿಗೆ ಗಲ್ಲು.

ಇಂದು ಕೋಟೆಯೊಳಗೆ ಉಳಿದಿರುವುದು ಚಾವಣಿಯಿಲ್ಲದ ಗೋಡೆಗಳು. ಆದರೂ ಸಾವಧಾನವಾಗಿ ನೋಡುವವರಿಗೆ ಅಲ್ಲಿ ಒಂದು ಸಂಸಾರದ ದಿನಚರಿ ಕಾಣಸಿಗುತ್ತದೆ. ಊಟದ ಪಡಸಾಲೆ, ಅಡುಗೆಮನೆ, ನೆಲಕ್ಕೆ ಸೇರಿಸಿ ಕಟ್ಟಿದ ತೊಟ್ಟಿಗಳಿರುವ ಬಚ್ಚಲುಮನೆ, ಅಲ್ಲಿಗೆ ನೀರು ಹರಿಸಲು ಮಾಡಿದ ಕೊಳವೆಗಳ ವ್ಯವಸ್ಥೆ. ಒಂದು ಗೋಡೆಯಲ್ಲಿ ಧ್ರುವನಕ್ಷತ್ರವನ್ನು ನೋಡಲೆಂದೇ ಓರೆಯಾಗಿ ಕೂರಿಸಿದ ದುಂಡನೆಯ ಕಿಂಡಿಯಿದೆ. ಕಪ್ಪದ ಲೆಕ್ಕ, ಮುತ್ತಿಗೆಯ ಭಯಗಳ ನಡುವೆಯೂ ಆ ಮನೆಯವರು ಗೋಡೆ ಕಟ್ಟಿಸುವಾಗ ಒಂದು ನಕ್ಷತ್ರಕ್ಕೆ ಜಾಗ ಬಿಡಿಸಿದ್ದರು.

ಈಚಿನ ವರ್ಷಗಳಲ್ಲಿ ಈ ಅರಮನೆಯ ಪ್ರತಿರೂಪವನ್ನು ಹೊಸದಾಗಿ ಕಟ್ಟುವ ಮಾತು ನಡೆದಿದೆ, ಅದನ್ನು ಎಲ್ಲಿ ಕಟ್ಟಬೇಕೆಂಬ ವಿವಾದವೂ ನಡೆದಿದೆ. ಅಭಿಮಾನದಿಂದಲೇ ಹುಟ್ಟಿದ ಯೋಜನೆಯಾದರೂ ನನಗೆ ಅದು ಒಪ್ಪಿಗೆಯಾಗುವುದಿಲ್ಲ. ಮೇಲಂತಸ್ತು ಹೇಗಿತ್ತು, ಕಂಬಗಳ ಕೆತ್ತನೆ ಯಾವುದಿತ್ತು ಎಂಬುದನ್ನು ಊಹಿಸಿ ಕಟ್ಟಿದ ಹೊಸ ಕಟ್ಟಡಕ್ಕಿಂತ, ಮಲ್ಲಸರ್ಜನ ಮನೆಯವರು ನಿಜವಾಗಿ ಓಡಾಡಿದ ಈ ನೆಲಗಟ್ಟು ನಮಗೆ ಹೆಚ್ಚು ಮುಖ್ಯವಾಗಬೇಕು. ಮಳೆನೀರು ಗೋಡೆಯ ಬುಡದಲ್ಲಿ ನಿಲ್ಲದಂತೆ ಚರಂಡಿ, ಗಾರೆಯನ್ನು ಸೀಳುವ ಗಿಡಗಂಟಿಗಳನ್ನು ಪ್ರತಿವರ್ಷ ತೆಗೆಯುವ ಕೆಲಸ, ಪ್ರತಿ ಕೋಣೆಯ ಮುಂದೆ ಅದು ಏನಾಗಿತ್ತೆಂದು ಕನ್ನಡದಲ್ಲಿ ವಿವರಿಸುವ ಫಲಕ, ಮತ್ತು ಅಲ್ಲಪ್ಪಗೌಡನಿಂದ ಶಿವಲಿಂಗರುದ್ರಸರ್ಜನ ಪತ್ನಿ ವೀರಮ್ಮನವರೆಗಿನ ಇಡೀ ವಂಶದ ಕಥೆಯನ್ನು ಹೇಳಬಲ್ಲ ತರಬೇತಾದ ಸ್ಥಳೀಯ ಯುವಕ ಯುವತಿಯರು: ಹಣ ಮೊದಲು ಹೋಗಬೇಕಾದದ್ದು ಇವುಗಳಿಗೆ. ಅಕ್ಟೋಬರ್‌ನ ಕಿತ್ತೂರು ಉತ್ಸವಕ್ಕೆ ಬರುವ ಜನಸಾಗರದಲ್ಲಿ ಒಂದಷ್ಟು ಮಂದಿಯಾದರೂ ವೇದಿಕೆಯ ಕಾರ್ಯಕ್ರಮಕ್ಕೆ ಮುನ್ನ ಈ ವಾಡೆಯೊಳಗೆ ಒಂದು ತಾಸು ಕಳೆಯುವಂತೆ ಸಂಘಟಕರು ಏರ್ಪಾಡು ಮಾಡಬೇಕೆಂದು ನಾನು ಕೇಳಿಕೊಳ್ಳುತ್ತೇನೆ.